ಮುಂಭಾರ

ಹೆಂಡತಿಗೆ ಏನು ಹೇಳುವುದು ಎನ್ನುವುದೊಂದನ್ನು ಬಿಟ್ಟರೆ ಆ ಬೆಳಿಗ್ಗೆ ಕೊಟ್ಟೂರಪ್ಪನಿಗೆ ಬೇರೆ ಚಿಂತೆ ಇರಲಿಲ್ಲ. ಜೀಪು ತಯಾರಾಗಿತ್ತು. ಬಳ್ಳಾರಿಯ ಕೌಲ್ ಬಜಾರಿನ ಗ್ಯಾರೇಜಿನ ಮುಂದೆ, ಬೇವಿನ ಮರದ ನೆರಳಲ್ಲಿ, ಅದು ಮೈಯೆಲ್ಲ ನಡುಗಿಸುತ್ತ ನಿಂತಿತ್ತು. ಮಿಲಿಟರಿ ಹರಾಜಿನಲ್ಲಿ ಕೊಂಡ ಪುಟ್ಟ ಪೆಟ್ರೋಲ್ ಜೀಪು. ಅದರ ಎಂಜಿನ್ ಕಿತ್ತು ಹಾಕಿ, ಗುಜರಿಗೆ ಹೋಗಲಿದ್ದ ಲಾರಿಯೊಂದರ ಡೀಸೆಲ್ ಎಂಜಿನ್ನನ್ನು ಅದರ ಹೊಟ್ಟೆಗೆ ತುರುಕಿದ್ದರು. ಎಂಜಿನ್ ದೊಡ್ಡದು, ಜಾಗ ಸಣ್ಣದು. ರೇಡಿಯೇಟರನ್ನು ಮುಂದಕ್ಕೆ ತಳ್ಳಿ, ಹಳೇ ಟಯರಿನ ರಬ್ಬರು ಕತ್ತರಿಸಿ ಎಂಜಿನ್ನಿನ ಕೆಳಗೆ ಮೆತ್ತೆ ಕೊಟ್ಟು, ಎಷ್ಟು ಒತ್ತಿದರೂ ಮುಚ್ಚದ ಬಾನೆಟ್ಟಿನ ನಡುವೆ ಚೌಕವಾಗಿ ಕೊರೆದು ಅಲ್ಲಿಗೊಂದು ತಗಡಿನ ಗೂನು ಬೆಸೆದಿದ್ದರು. ಕೊಟ್ಟೂರಪ್ಪ ಆ ಗೂನನ್ನು ಸವರಿ ನೋಡಿದ. ಕೊಬ್ಬಿದ ಹೋರಿಯ ಹಿಣಿಲು ಸವರಿದ ಹಾಗಿತ್ತು. ಸಂತೋಷವಾಯಿತು. ಸಂತೋಷದ ಬೆನ್ನಿಗೇ ಸುವರ್ಣಮ್ಮನ ಮುಖ ಕಣ್ಣಿಗೆ ಕಟ್ಟಿತು. ತಮ್ಮನ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಅವಳು ಕೆಂಚನಗುಡ್ಡದ ತವರಿಗೆ ಹೋದ ಮರುದಿನವೇ ಇವನು ಜೀಪನ್ನು ಇಲ್ಲಿ ತಂದು ಬಿಟ್ಟಿದ್ದ. ಇವತ್ತು ಅದೇ ಜೀಪಿನಲ್ಲಿ ಅವಳನ್ನು ಕರೆತರಬೇಕು. ಅವಳಿಗೆ ಇದಾವುದೂ ಗೊತ್ತಿಲ್ಲ.

"ಆನಿ ಬಲ ಐತ್ರಿ ಇದಕ್ಕ" ಎಂದ ಗ್ಯಾರೇಜಿನ ಯಜಮಾನ ಪಕ್ಕೀರಪ್ಪ. ಕೆಲಸವೆಲ್ಲ ಅವನ ಕೈಕೆಳಗಿನವರದು, ಮಾತೆಲ್ಲ ಅವನದು. "ಹಗ್ಗ ಕಟ್ಟಿ ಎಳೀರಿ, ಬಳ್ಳಾರಿ ಗುಡ್ಡ ಬೇಕಾದ್ರ ಕುರುಗೋಡಿಗೆ ಬರ್ತೈತಿ. ಎರಿಹೊಲದಾಗ ಎಲ್ಲಿ ಬೇಕಲ್ಲಿ ನುಗ್ಗಿಸ್ರಿ, ಮಣ್ಣು ತಾನ ದಾರಿ ಬಿಡ್ತೈತಿ."

"ಓಡಾಕ ಹೆಂಗ?"

"ಎಳಿಯೋದು ಬ್ಯಾರೆ, ಓಡೋದು ಬ್ಯಾರೆ ಸಾವುಕಾರ್ರ. ಎತ್ತು ಕೊಂಡು ಕುದುರಿ ಓಟ ಕೇಳಬಾರದು" ಎಂದು ಪಕ್ಕೀರಪ್ಪ ಮಾತು ತೇಲಿಸಿದ. "ಅಕ್ಕೋರಿಗೆ ಮಾತ್ರ ಹೇಳಿಬಿಡ್ರಿ. ಇದರ ಸ್ಟೇರಿಂಗು ಹೆಣ್ಮಕ್ಕಳ ಕೈಗೆ ಬಗ್ಗಂಗಿಲ್ಲ."

ಈ ಮಾತನ್ನು ಪಕ್ಕೀರಪ್ಪ ಮೊದಲ ಸಲ ಹೇಳಿದ್ದು ಎಂಜಿನ್ ಕೂಡಿಸಿದ ದಿನ. ಆವತ್ತು ಕೊಟ್ಟೂರಪ್ಪ "ಅಯ್ಯೋ, ಹೌದಾ?" ಎಂದು ಬಾಯಲ್ಲಿ ಹಳಹಳಿಸಿದ್ದ. ಒಳಗೆ ಮಾತ್ರ ಬೇಸಿಗೆಯಲ್ಲಿ ಹೊಸ ಗಡಿಗೆಯ ನೀರು ಕುಡಿದಷ್ಟು ತಂಪಾಗಿತ್ತು. ಆ ತಂಪು ತಡೆಯಲಾರದೆ ಗ್ಯಾರೇಜಿನವರಿಗೆಲ್ಲ ಮಿರ್ಚಿ ಭಜಿ, ಮಂಡಕ್ಕಿ ಒಗ್ಗರಣಿ, ಚಹಾ ತರಿಸಿದ್ದ. ಎಲ್ಲರೂ ಸಾವುಕಾರ್ರ ಧಾರಾಳವನ್ನು ಹೊಗಳುತ್ತ ತಿಂದರು. ಅವನೂ ತಿಂದ. ತಿಂದು ಕೈತೊಳೆಯುವಾಗ, ಯಾವ ಸಂತೋಷಕ್ಕೆ ಈ ಮಿರ್ಚಿ ಎಂದು ತನ್ನನ್ನು ತಾನೇ ಕೇಳಿಕೊಂಡ. ಉತ್ತರ ಬಾಯಿಗೆ ಬರುವ ಮೊದಲೇ ತಲೆಗೊಂದಿಷ್ಟು ನೀರು ತಟ್ಟಿಕೊಂಡು ಎದ್ದುಬಿಟ್ಟ. ಕೇಳಿದವರಿಗೆಲ್ಲ ಅವನು ಹೇಳುತ್ತಿದ್ದುದು ಪೆಟ್ರೋಲ್ ರೇಟಿನ ಮಾತು. ಎಲ್ಲೋ ಅರಬ್ಬರ ನಾಡಿನಲ್ಲಿ ಯುದ್ಧವಾಗಿ ಇಲ್ಲಿ ಪೆಟ್ರೋಲು ತುಟ್ಟಿಯಾಗಿದ್ದು ನಿಜವೇ. ಕೇಳಿದವರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಇಷ್ಟು ಸಲೀಸಾಗಿ ಜನ ಒಪ್ಪುವ ಕಾರಣ ಸಿಕ್ಕಿತಲ್ಲ ಎಂದು ಅವನಿಗೆ ಒಮ್ಮೊಮ್ಮೆ ಅರಬ್ಬರ ಮೇಲೆ ಪ್ರೀತಿ ಉಕ್ಕುತ್ತಿತ್ತು. ಆದರೆ ಸುವರ್ಣಮ್ಮ ತಲೆಯಾಡಿಸುವ ಪೈಕಿಯವಳಲ್ಲ. ಅವಳು ಎದುರಿಗೆ ನಿಂತು ಸುಮ್ಮನೆ ನೋಡುತ್ತಾಳೆ. ಹಾಗೆ ನೋಡಿದಾಗ ಹೇಳಿದ ಕಾರಣ ಉದುರಿಹೋಗಿ ಹೇಳದ ಕಾರಣ ಎದ್ದು ನಿಲ್ಲುತ್ತದೆ. ಹೇಳದ ಕಾರಣ ಇಷ್ಟೇ: ಜೀಪು ತನ್ನದಾಗಿದ್ದರೂ ಊರಿಗೆಲ್ಲ ಅದು ಸುವರ್ಣಮ್ಮನ ಜೀಪು. ಅದನ್ನು ಅವಳ ಕೈಯಿಂದ ಬಿಡಿಸಬೇಕೆಂಬ ಆಸೆ ತನಗೆ ಇತ್ತು. ಇಂಥ ಆಸೆಯನ್ನು ಯಾವ ಗಂಡಸು ಬಾಯಿಬಿಟ್ಟು ಹೇಳುತ್ತಾನೆ?

ಊರು ದಾಟಿ ರಸ್ತೆಗೆ ಬಿದ್ದ ಮೇಲೆ ಕೊಟ್ಟೂರಪ್ಪ ಆಕ್ಸಿಲರೇಟರನ್ನು ಒತ್ತಿದ. ಸದ್ದು ಹೆಚ್ಚಾಯಿತು, ಜೀಪು ಮಾತ್ರ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಇನ್ನೂ ಒತ್ತಿದ. ಕಿವಿಯೊಳಗೆ ಅಕ್ಕಿ ಗಿರಣಿ ಹೊಕ್ಕಂತಾಯಿತು. ಹಿಂದಿನದು ಕಾಣಲೆಂದು ಹಾಕಿಸಿದ ಕನ್ನಡಿಯಲ್ಲಿ ಒಂದು ರಸ್ತೆಯಿದ್ದದ್ದು ಎರಡಾಗಿ ನಡುಗುತ್ತಿತ್ತು, ಎರಡರ ಮೇಲೂ ಒಂದೊಂದು ಬಸ್ಸು ಬರುತ್ತಿತ್ತು. ಆ ಬಸ್ಸು ಒಂದಾಗಿ ಪಕ್ಕಕ್ಕೆ ಬಂದು, ಹಾರನ್ನು ಹೊಡೆದು, ಕಿಟಕಿಯಿಂದ ಯಾರೋ ಉಗಿದ ಎಲೆಯಡಿಕೆಯ ತುಂತುರು ಹಾಯಿಸಿ ಮುಂದೆ ಹೋಯಿತು. ಪೆಟ್ರೋಲ್ ಎಂಜಿನ್ ಇದ್ದಾಗ ಈ ಬಸ್ಸನ್ನು ಸುವರ್ಣಮ್ಮ ಕೊಳಗಲ್ಲಿನ ತಿರುವಿನಲ್ಲಿ ಹಿಂದೆ ಹಾಕಿದ್ದು ನೆನಪಾಯಿತು. ಪಕ್ಕದಲ್ಲಿ ಕೂತಿದ್ದ ತಾನು "ನಿಧಾನ, ನಿಧಾನ" ಎಂದು ಕೂಗಿದ್ದ. ಅವಳು ನಿಧಾನವಾಗಿಯೇ ಇದ್ದಳು, ಅವಳ ಕೈ, ಅವಳ ಮುಖ, ಅವಳ ಉಸಿರು ಎಲ್ಲವೂ ನಿಧಾನವಾಗಿದ್ದವು. ಬಸ್ಸು ತಾನೇ ಹಿಂದೆ ಸರಿದಂತಿತ್ತು. ಓಡಿಸುವುದನ್ನು ಅವಳಿಗೆ ಕಲಿಸಿದವನು ತಾನೇ. ಸುಗ್ಗಿ ಮುಗಿದು ಖಾಲಿಯಾದ ಕಣದಲ್ಲಿ, ನಡುವಿನ ಮೇಟಿಕಂಬದ ಸುತ್ತ, ತಮಾಷೆಗೆ. ಎಂಜಿನ್ ಎರಡು ಸಲ ಬಂದಾದಾಗ ತಾನು ಹೊಟ್ಟೆ ಹಿಡಿದು ನಕ್ಕಿದ್ದ. ಅವಳೂ ನಕ್ಕಳು. ಹೊತ್ತು ಮುಳುಗುವಷ್ಟರಲ್ಲಿ ಮೇಟಿಯ ಸುತ್ತ ಎತ್ತು ತಿರುಗುವ ಹಾಗೆ ಜೀಪು ತಿರುಗುತ್ತಿತ್ತು, ನಗುವವರು ಯಾರೂ ಇರಲಿಲ್ಲ. ಆಮೇಲೆ ತನಗೆ ಕಾಮಾಲೆಯಾಯಿತು. ಮಜ್ಜಿಗೆ ಅನ್ನ ಉಂಡು ಗೋಡೆ ನೋಡುತ್ತ ಮಲಗಿದ್ದಾಗ ಹೊರಗೆ ಜೀಪು ಹೋಗುವ ಸದ್ದು, ಬರುವ ಸದ್ದು. ಹೊಲಕ್ಕೆ ಗೊಬ್ಬರ ಹೋಯಿತು, ಕಳೆ ತೆಗೆಯುವವರಿಗೆ ರೊಟ್ಟಿ ಹೋಯಿತು, ಹೆರಿಗೆ ನೋವು ಎದ್ದ ಕೂಲಿಯವಳೊಬ್ಬಳು ಬಳ್ಳಾರಿ ಆಸ್ಪತ್ರೆಗೆ ಹೋದಳು. ಅವನು ಎದ್ದು ಹೊರಗೆ ಬರುವ ಹೊತ್ತಿಗೆ ಜೀಪು ಸುವರ್ಣಮ್ಮನ ಜೀಪಾಗಿತ್ತು. ಕಾಮಾಲೆ ಕಣ್ಣಿನಿಂದ ಇಳಿದಿತ್ತು, ಆದರೆ ಆ ಜೀಪನ್ನು ನೋಡಿದಾಗೆಲ್ಲ ಎಲ್ಲೋ ಒಂದು ಕಡೆ ಹಳದಿ ಉಳಿದೇ ಇತ್ತು.

ಕೊಳಗಲ್ಲು ದಾಟಿದ ಮೇಲೆ ಮುದುಕಿಯೊಬ್ಬಳು ರಸ್ತೆಯ ಮಧ್ಯಕ್ಕೇ ಬಂದು ಕೈ ಮಾಡಿದಳು. ಕೊಟ್ಟೂರಪ್ಪ ನಿಲ್ಲಿಸಿದ. ಕಂಕುಳಲ್ಲಿ ಗಂಟು, ಹಣೆಯಲ್ಲಿ ಅಗಲವಾಗಿ ಬಳಿದ ಭಂಡಾರದ ಅರಿಸಿನ. ಹೆಸರು ಉಚ್ಚಂಗೆಮ್ಮ ಎಂದೂ ಕುರುಗೋಡಿಗೆ ಹೋಗಬೇಕೆಂದೂ ಅವಳು ಕೇಳದೆಯೇ ಹೇಳಿ, ಹಿಂದೆ ಹತ್ತಿ ಕೂತಳು.

"ಟ್ಯಾಕ್ಟರ್ ಬಂತು ಅನ್ಕೆಂಡೆನಪ್ಪ, ಸಪ್ಪಳ ಕೇಳಿ. ಜೀಪೇನಿದು?"

"ಜೀಪ ಯವ್ವಾ."

ಸ್ವಲ್ಪ ಹೊತ್ತು ಅವಳು ಸುತ್ತ ಮುತ್ತ ಕೈಯಾಡಿಸಿ ನೋಡಿದಳು. "ಅಲ್ಲಲೇ ತಮ್ಮ, ಇದು ಸುವರ್ಣಮ್ಮನೋರ ಜೀಪಲ್ಲೇನು? ಈ ಸೀಟಿನ ಹರಕು ನನಗ ಗುರುತೈತಿ. ಹೋದ ವರ್ಷ ಆಕಿ ನನ್ನ ಕುಂದ್ರಿಸ್ಕೆಂಡು ಹೋಗಿದ್ಲು. ಹೊಟ್ಟ್ಯಾಗಿನ ನೀರು ಅಲುಗಿದ್ದಿಲ್ಲ ನೋಡು. ಈಗ್ಯಾಕಪ್ಪ ಹಿಂಗ ಹಲ್ಲು ಉದುರೋ ಹಂಗ ಆಗೈತಿ?"

ಕೊಟ್ಟೂರಪ್ಪ ಗೇರು ಬದಲಿಸಿದ.

"ನೀನು ಅವರ ಮನಿ ಡ್ರೈವರೇನು?"

ಅಲ್ಲ ಎನ್ನಲು ಬಾಯಿ ತೆರೆದವನು, ಯಾಕೋ "ಹೂನವ್ವ" ಎಂದುಬಿಟ್ಟ. ಅಂದ ಕೂಡಲೇ ಮೈ ಹಗುರಾಯಿತು. ಡ್ರೈವರನಿಗೆ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವ ಕೆಲಸವಿಲ್ಲ, ಕಾರಣ ಹುಡುಕುವ ಕೆಲಸವೂ ಇಲ್ಲ. ಆದರೆ ಆ ಸುಖ ಬಹಳ ಹೊತ್ತು ಉಳಿಯಲಿಲ್ಲ.

"ಆಕಿ ಗಂಡ ಬಾಳ ದೊಡ್ಡ ಮನಸಿನಾವಂತಪ್ಪ" ಎಂದಳು ಉಚ್ಚಂಗೆಮ್ಮ. "ನಾ ನೋಡಿಲ್ಲ, ಕೇಳೀನಿ. ಹೆಂಡ್ತಿ ಕೈಗೆ ಇಂಥಾ ಗಾಡಿ ಕೊಟ್ಟು, ಹೋಗು, ಓಡಸು ಅನ್ನಬೇಕಂದ್ರ ಸಣ್ಣ ಮಾತಲ್ಲ. ನನ್ನ ಗಂಡ ಎಮ್ಮಿ ಹಗ್ಗ ಸೈತ ನನ್ನ ಕೈಗೆ ಕೊಟ್ಟಾವಲ್ಲ. ನಿಮ್ಮ ಸಾವುಕಾರ್ರಿಗೆ ನಾ ಹಿಂಗಂದೆ ಅಂತ ಹೇಳಪ್ಪ."

"ಹೇಳ್ತೀನಿ" ಎಂದ ಕೊಟ್ಟೂರಪ್ಪ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ಕಳ್ಳನನ್ನು ಕರೆದು ನೀನೇ ಧರ್ಮರಾಯ ಎಂದರೆ ಅವನು ಎಲ್ಲಿ ಮುಟ್ಟಿ ನೋಡಿಕೊಳ್ಳಬೇಕು? ದೊಡ್ಡ ಮನಸ್ಸಂತೆ. ಕಾಲುವೆ ಪಕ್ಕದ ಜವುಗಿನಲ್ಲಿ ಜೀಪು ಸಿಕ್ಕಿಬಿದ್ದ ದಿನ ಆ ದೊಡ್ಡ ಮನಸ್ಸು ಎಷ್ಟಿತ್ತೆಂದು ಈ ಮುದುಕಿ ನೋಡಬೇಕಿತ್ತು. ತಾನು ಒತ್ತಿದಷ್ಟೂ ಚಕ್ರ ಸುಮ್ಮನೆ ತಿರುಗುತ್ತಿತ್ತು, ಬೆನ್ನಿಗೆಲ್ಲ ಕೆಸರು ಹಾರುತ್ತಿತ್ತು. ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದವರು ಬಗ್ಗಿದವರು ಬಗ್ಗಿದ ಹಾಗೆಯೇ ಓರೆಗಣ್ಣಲ್ಲಿ ನೋಡುತ್ತಿದ್ದರು. ಬದುವಿನ ಮೇಲೆ ರೊಟ್ಟಿಬುಟ್ಟಿ ಇಳಿಸಿ ಸುವರ್ಣಮ್ಮ ಬಂದಳು. "ಸ್ವಲ್ಪ ಈ ಕಡಿ ಸರೀರಿ" ಎಂದಳು. ತಾನು ಸರಿದ. ಅವಳು ಕ್ಲಚ್ಚನ್ನು ಮೆಲ್ಲಗೆ ಬಿಟ್ಟು, ಒಂದಿಷ್ಟು ಹಿಂದಕ್ಕೆ, ಒಂದಿಷ್ಟು ಮುಂದಕ್ಕೆ, ಮಗುವನ್ನು ತೂಗಿದ ಹಾಗೆ ತೂಗಿ ಜೀಪನ್ನು ಗಟ್ಟಿ ನೆಲಕ್ಕೆ ತಂದು ನಿಲ್ಲಿಸಿದಳು. "ತಗೋರಿ" ಎಂದು ಇಳಿದು ಹೋದಳು. ಒಂದು ಲೋಟ ನೀರು ಕೊಟ್ಟವರ ಹಾಗೆ, ಅಷ್ಟೇ. ಕೂಲಿಯವರು ಯಾರೂ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು. ಅವಳು ಜಂಬ ಕೊಚ್ಚಿಕೊಂಡಿದ್ದರೆ ಜಗಳವಾಡಬಹುದಿತ್ತು. ಆಮೇಲೆ ಕುರುಗೋಡಿನ ಸಂತೆಯಲ್ಲಿ ಯಾರೋ "ಅಕ್ಕೋರು ಬರ್ಲಿಲ್ಲೇನ್ರಿ? ಹಂಗಾರ ಗಾಡಿ ಯಾರು ಓಡಿಸ್ಕೆಂಡು ಬಂದ್ರು?" ಎಂದು ಸಹಜವಾಗಿ ಕೇಳಿದ್ದ. ತಾನು ಸಹಜವಾಗಿ ನಕ್ಕು, ಬದನೆಕಾಯಿ ಕೊಳ್ಳುವುದನ್ನು ಮರೆತು ಮನೆಗೆ ಬಂದಿದ್ದ. ಪಕ್ಕೀರಪ್ಪನ ಗ್ಯಾರೇಜಿಗೆ ಹೋಗಬೇಕೆಂದು ಹೊಳೆದದ್ದು ಆವತ್ತೇ.

ಕುರುಗೋಡಿನಲ್ಲಿ ಉಚ್ಚಂಗೆಮ್ಮ ಇಳಿದು, ಸೊಂಟ ಹಿಡಿದುಕೊಂಡು, ದೇವರು ನಿನಗೊಂದು ಒಳ್ಳೇ ಕೆಲಸ ಕೊಡಲಿ ಎಂದು ಹರಸಿ ಹೋದಳು. ಕೊಟ್ಟೂರಪ್ಪ ಮನೆಯ ಕಡೆ ತಿರುಗದೆ ಜೀಪನ್ನು ನೇರ ದೊಡ್ಡ ಬಸವಣ್ಣನ ಗುಡಿಯ ಮುಂದೆ ನಿಲ್ಲಿಸಿದ. ಹೊಸ ಎತ್ತು ಕೊಂಡರೆ ಮೊದಲು ಬಸವಣ್ಣನಿಗೆ ತೋರಿಸಿಯೇ ನೊಗಕ್ಕೆ ಹೂಡುವುದು ಅವರ ಮನೆಯ ಪದ್ಧತಿ. ಇದೂ ಒಂದು ಎತ್ತೇ ತಾನೆ. ಬಾನೆಟ್ಟಿನ ಗೂನಿಗೆ ವಿಭೂತಿ ಎಳೆದು, ಕಾಯಿ ಕೈಯಲ್ಲಿ ಹಿಡಿದು ನಿಂತಾಗ ಏನು ಬೇಡಿಕೊಳ್ಳಬೇಕೆಂದು ಗೊತ್ತಾಗಲಿಲ್ಲ. ಸ್ಟೇರಿಂಗು ಅವಳ ಕೈಗೆ ಬಗ್ಗದೇ ಇರಲಿ ಎಂದು ಬೇಡಿಕೊಳ್ಳುವುದೇ? ಎರಡಾಳೆತ್ತರದ ಬಸವಣ್ಣನ ಮುಂದೆ ಅಂಥ ಮಾತು ಹೇಗೆ ಬಾಯಿಂದ ಬರುತ್ತದೆ? ಹಾಗಾದರೆ ಬಗ್ಗಲಿ ಎಂದು ಬೇಡಿಕೊಳ್ಳುವುದೇ? ಅದಕ್ಕೆ ಇಷ್ಟೆಲ್ಲ ಯಾಕೆ ಮಾಡಬೇಕಿತ್ತು? ಬಗ್ಗುವ ಕೈಯಲ್ಲಿ ಬಗ್ಗುವ ಜೀಪು ಇದ್ದೇ ಇತ್ತಲ್ಲ. ಪೂಜಾರಿ "ಬಡೀರಿ, ಯಾಕ ನಿಂತ್ರಿ" ಎಂದ. ಬೇಡಿಕೆ ಇಲ್ಲದೆಯೇ ಕಾಯಿ ಒಡೆದ. ಸರಿಯಾಗಿ ಎರಡು ಹೋಳಾಯಿತು. ಬಸವಣ್ಣನಿಗೆ ಎಲ್ಲ ತಿಳಿದಿದೆ, ತನಗೇ ಏನೂ ತಿಳಿಯುತ್ತಿಲ್ಲ ಅಂದುಕೊಂಡು ಮತ್ತೆ ಹೊರಟ. ಹಸಿವಾಗಿತ್ತು. ಕಾಯಿ ಚೂರು ಅಗಿಯುತ್ತ, ಎರಡು ಬದಿಯಲ್ಲೂ ಹಸಿರು ಹಾಸಿದ ಭತ್ತದ ಗದ್ದೆಗಳ ಮೇಲಿನ ಗಾಳಿ ಮುಖಕ್ಕೆ ಹೊಡೆಯುತ್ತಿರಲು, ಎಷ್ಟೆಲ್ಲ ತಪ್ಪು ಮಾಡಿದವನಿಗೂ ಹೀಗೆ ಸುಖವಾಗುತ್ತದಲ್ಲ ಎಂದು ಆಶ್ಚರ್ಯಪಟ್ಟ.

ಸಿರುಗುಪ್ಪದ ಗಿರಣಿಗಳ ಬೆಂದ ಭತ್ತದ ವಾಸನೆ ಹಿಂದೆ ಬಿದ್ದ ಮೇಲೆ ನೆಲದ ಬಣ್ಣ ಬದಲಾಯಿತು. ಈ ಕಡೆ ಮಳೆಯಾಗಿತ್ತು. ಕೆಂಚನಗುಡ್ಡದ ಮಾವನ ಮನೆಗೆ ಹೋಗುವ ಬಂಡಿದಾರಿ ಗದ್ದೆಗಳ ನಡುವೆ ಕರ್ರಗೆ ಮಿನುಗುತ್ತ ಬಿದ್ದಿತ್ತು. ಹಳೇ ಎಂಜಿನ್ ಇದ್ದಾಗ ಇಂಥ ದಾರಿಯಲ್ಲಿ ಜೀಪು ಮೇಲೆಮೇಲೆಯೇ ಜಾರಿಕೊಂಡು ಹೋಗುತ್ತಿತ್ತು. ಈಗಂತೂ ಆನೆಬಲ. ಕೊಟ್ಟೂರಪ್ಪ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಸಣ್ಣ ಲಿವರನ್ನು ಎಳೆದು, ಮನೆಯ ಕಟ್ಟೆಯ ಮೇಲೆ ಹೆಂಗಸರು ಕೂತಿರುವುದು ದೂರದಿಂದಲೇ ಕಂಡು, ಬೆನ್ನು ನೆಟ್ಟಗೆ ಮಾಡಿ ನುಗ್ಗಿಸಿದ. ಜೀಪು ಗರ್ಜಿಸಿತು. ಆಮೇಲೆ ನೀರು ಕುಡಿಯಲು ಬಗ್ಗುವ ಎಮ್ಮೆಯ ಹಾಗೆ ಮೆಲ್ಲಗೆ ಮೂತಿ ಇಳಿಸತೊಡಗಿತು. ಒತ್ತಿದ. ಇನ್ನಷ್ಟು ಇಳಿಯಿತು. ಮುಂದಿನ ಚಕ್ರಗಳು ಕಾಣದಾದವು, ದೀಪಗಳ ತನಕ ಕೆಸರು ಬಂತು, ಹಿಂದಿನ ಚಕ್ರಗಳು ಹಗುರಾಗಿ ಹುಚ್ಚುಹುಚ್ಚಾಗಿ ತಿರುಗಿದವು. ಮಾವನ ಮನೆಯ ಬಾಗಿಲಿಗೆ ಕೂಗಳತೆಯಲ್ಲಿ, ನಡುಹಗಲಲ್ಲಿ, ಅತ್ತೆಯ ಕಣ್ಣೆದುರು, ಕೊಟ್ಟೂರಪ್ಪ ಗಾಜಿಗೆ ಹಣೆ ತಾಗಿಸಿ ಕೂತ.

ಮೊದಲು ಬಂದವಳು ಅತ್ತೆ ಚನ್ನವೀರಮ್ಮ. ಭಾರೀ ಆಳು, ದಾರಿಯುದ್ದಕ್ಕೂ ಉಸಿರು ಬಿಡುತ್ತ ಬಂದಳು. ಮದುವೆಯಾದಾಗಿನಿಂದ ಅವಳು ಅಳಿಯನ ಎದುರು ನಿಂತು ನೇರ ಮಾತಾಡಿದವಳಲ್ಲ. ಸೆರಗು ಹಣೆಯ ತನಕ ಎಳೆದು, ಕಂಬಕ್ಕೋ ಮಗಳಿಗೋ ಹೇಳುವಳು, ಅದರಲ್ಲಿ ತನ್ನ ಪಾಲನ್ನು ಅಳಿಯ ತೆಗೆದುಕೊಳ್ಳಬೇಕು. ಈಗಲೂ ಬಂದವರಿಗೆ ಕಾಲಿಗೆ ನೀರು ಕೊಡುವ ರೀತಿ ಬಿಡದೆ ತುಂಬಿದ ತಂಬಿಗೆ ಹಿಡಿದು ತಂದಿದ್ದಳು. ಅಳಿಯ ಮೊಣಕಾಲ ತನಕ ಕೆಸರಲ್ಲಿ ಇಳಿದು ನಿಂತದ್ದನ್ನು ನೋಡಿ, ತಂಬಿಗೆಯನ್ನು ಬದುವಿನ ಮೇಲಿಟ್ಟು, ಪಕ್ಕದ ಜಾಲಿಗಿಡಕ್ಕೆ "ಆಮ್ಯಾಲೆ ತೊಳಕಂಬಲಿ" ಎಂದಳು. ಅಷ್ಟರಲ್ಲಿ ಸುವರ್ಣಮ್ಮ ಬಂದಳು. ತವರಿನ ಊಟಕ್ಕೆ ಮುಖ ತುಂಬಿಕೊಂಡಿತ್ತು. ಅವಳನ್ನು ನೋಡಿ ಕೊಟ್ಟೂರಪ್ಪನಿಗೆ ಎಷ್ಟು ಆನಂದವಾಯಿತೆಂದರೆ, ತಾನು ಹೆದರಿರಬೇಕೆಂಬುದು ಒಂದು ಗಳಿಗೆ ಮರೆತೇ ಹೋಯಿತು. ಅವಳು ಅವನನ್ನು ನೋಡಲಿಲ್ಲ. ಬಾನೆಟ್ಟಿನ ಗೂನನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಸರಿಗಿಳಿದು, ಬಾನೆಟ್ ಎತ್ತಿದಳು. ತನ್ನ ಅಡುಗೆಮನೆಯಲ್ಲಿ ಗುರುತಿಲ್ಲದವರು ಕೂತಿದ್ದರೆ ನೋಡುವ ಹಾಗೆ ನೋಡಿದಳು.

"ಇದ್ಯಾರದು?"

"ಲಾರೀದು."

"ನಮ್ಮದೆಲ್ಲಿ?"

"ಗ್ಯಾರೇಜಿನಾಗ ಐತಿ. ಪೆಟ್ರೋಲ್ ರೇಟು ನೋಡಿದ್ಯಲ್ಲ, ದಿನಾ ದಿನಾ..."

ಅವಳು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹಿಂದೆ ಹೋದಳು, ಮುಂದೆ ಬಂದಳು, ಬಗ್ಗಿ ನೋಡಿದಳು. "ಮುಂಭಾರ ಆಗೈತಿ" ಎಂದಳು.

ಆ ಒಂದು ಮಾತಿಗೆ ಕೊಟ್ಟೂರಪ್ಪನ ಕಿವಿ ಕೆಂಪಾಯಿತು. ಬಂಡಿಗೆ ಹುಲ್ಲು ಹೇರುವಾಗ ಮುಂಭಾರವಾದರೆ ನೊಗ ಎತ್ತಿನ ಕುತ್ತಿಗೆಯನ್ನು ನೆಲಕ್ಕೆ ಒತ್ತುತ್ತದೆ, ಹಿಂಭಾರವಾದರೆ ನೊಗ ಕಟ್ಟಿದ ಮೂಕಿ ಮೇಲೆದ್ದು ಎತ್ತಿನ ಉಸಿರು ಕಟ್ಟುತ್ತದೆ. ಇದು ಎರೆನಾಡಿನಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಹುಲ್ಲಿನ ಒಂದು ಸೂಡು ಮುಂದೆ ಸರಿದರೆ ಆಳುಗಳ ಏಳು ತಲೆಮಾರು ಬೈಯುತ್ತಿದ್ದ ತಾನು, ಲಾರಿಯ ಇಡೀ ಎಂಜಿನ್ನನ್ನು ಮುಂದುಗಡೆ ಹೇರಿಸಿ, ಅದರ ಗೂನು ಸವರಿ, ಬಸವಣ್ಣನಿಗೂ ತೋರಿಸಿಕೊಂಡು ಬಂದಿದ್ದ. ಪಟ್ಟಣದವರು ಮಾಡಿದ್ದರೆ ತಿಳಿಯದೆ ಮಾಡಿದರು ಎನ್ನಬಹುದು. ತನಗೆ ತಿಳಿದಿತ್ತು. ತಿಳಿದದ್ದನ್ನು ಯಾವುದೋ ಒಂದು ಆಸೆ ಮರೆಸಿತ್ತು, ಅದು ಯಾವ ಆಸೆ ಎಂದು ಇವಳು ಕೇಳುವ ಹೊತ್ತು ಹತ್ತಿರವಾಗುತ್ತಿದೆ.

"ಹಿಂದ ಭಾರ ಹಾಕಬೇಕು" ಎಂದಳು ಸುವರ್ಣಮ್ಮ. ಭತ್ತದ ಚೀಲ ತರಿಸೋಣವೆಂದರೆ ಅವಳ ಅಪ್ಪನೂ ತಮ್ಮನೂ ಆಳುಗಳನ್ನು ಕರೆದುಕೊಂಡು ಸಿರುಗುಪ್ಪಕ್ಕೆ ಹೋಗಿದ್ದರು. ಮನೆಯಲ್ಲಿ ಉಳಿದದ್ದು ಬಾಣಂತಿ ಮತ್ತು ತೊಟ್ಟಿಲ ಕೂಸು. ಅವಳ ಕಣ್ಣು ಸುತ್ತ ತಿರುಗಿ ಗಂಡನ ಮೇಲೆ ನಿಂತಿತು, ಅಲ್ಲಿಂದ ತಾಯಿಯ ಮೇಲೆ. "ಯವ್ವಾ, ನೀನೂ ಹತ್ತು."

"ಶಿವನ ಶಿವನ" ಎಂದು ಚನ್ನವೀರಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಅಳಿಯಂದ್ರು ಕುಂತ ಗಾಡ್ಯಾಗ ನಾನು ಕುಂದ್ರಾಕ ಆಗ್ತೈತೇನ? ಊರು ನೋಡಿದ್ರ ಏನಂದೀತು?"

"ಬೆನ್ನು ಮಾಡಿ ಕುಂದ್ರು. ಅಳಿಯಂದ್ರು ಆ ಕಡಿ ನೋಡ್ತಾರ, ನೀನು ಈ ಕಡಿ ನೋಡು. ನಿನ್ನಷ್ಟು ತೂಕದಾರು ಈ ಊರಾಗ ಬ್ಯಾರೆ ಯಾರದಾರ?"

ಚನ್ನವೀರಮ್ಮನನ್ನು ಹತ್ತಿಸುವುದೇ ಒಂದು ಕಾರ್ಯವಾಯಿತು. ಮಗಳು ಕೈ ಹಿಡಿದು ಎಳೆದಳು; ಅಳಿಯ ನೂಕುವಂತಿರಲಿಲ್ಲ, ನೂಕದೆ ಇರುವಂತೆಯೂ ಇರಲಿಲ್ಲ. ಕೊನೆಗೆ ಅವನು ಕೆಸರಲ್ಲಿ ಬಗ್ಗಿ ತನ್ನ ಬೆನ್ನನ್ನೇ ಮೆಟ್ಟಿಲು ಮಾಡಿದ. ಅತ್ತೆಯ ಪಾದ ಬೆನ್ನಿನ ಮೇಲೆ ಊರಿದಾಗ ಅವನಿಗೆ ನೋವಿಗಿಂತ ಹೆಚ್ಚಾಗಿ ಒಂದು ಬಗೆಯ ಸಮಾಧಾನವಾಯಿತು, ಎಲ್ಲೋ ಒಂದು ಕಡೆ ಶಿಕ್ಷೆ ಶುರುವಾಯಿತಲ್ಲ ಎಂದು. ಹಿಂದಿನ ಎರಡು ಪಟ್ಟಿ ಸೀಟುಗಳ ತುತ್ತತುದಿಯಲ್ಲಿ ಇಬ್ಬರೂ ಕೂತರು, ಒಬ್ಬರು ಗದ್ದೆಗೆ ಮುಖ ಮಾಡಿ, ಒಬ್ಬರು ಗುಡ್ಡಕ್ಕೆ ಮುಖ ಮಾಡಿ. ಜೀಪಿನ ಹಿಂಭಾಗ ನಿಟ್ಟುಸಿರು ಬಿಟ್ಟು ಕೆಳಗಿಳಿಯಿತು. ಸುವರ್ಣಮ್ಮ ಸ್ಟೇರಿಂಗಿನ ಹಿಂದೆ ಕೂತು ಅದನ್ನು ತಿರುಗಿಸಿ ನೋಡಿದಳು. ಅದು ಅಲುಗಲಿಲ್ಲ. ಎರಡೂ ಕೈ ಹಾಕಿದಳು. ಬಳೆಗಳು ಮೊಣಕೈ ತನಕ ಸರಿದವು, ಕುತ್ತಿಗೆಯ ನರ ಉಬ್ಬಿತು. ಅಲುಗಲಿಲ್ಲ. ಪಕ್ಕೀರಪ್ಪನ ಮಾತು ನಿಜವಾಗಿತ್ತು. ಮಿರ್ಚಿ ತಿಂದು ಸಂಭ್ರಮಿಸಿದ ಗಳಿಗೆ ಇದೇ, ಈಗ ಕಣ್ಣೆದುರೇ ಬಂದು ನಿಂತಿದೆ. ಅವಳ ಕೈ ಸೋಲುವುದನ್ನು ಅವಳ ಬೆನ್ನ ಹಿಂದೆ ಕೂತು ಆರಾಮಾಗಿ ನೋಡಬಹುದು. ಆದರೆ ಕೊಟ್ಟೂರಪ್ಪನಿಗೆ ಆ ಕೈಗಳನ್ನು ನೋಡಲಾಗಲಿಲ್ಲ. ಅವನ ಕೈಗಳು ತಾವೇ ಮುಷ್ಟಿಯಾಗಿದ್ದವು. ಬಗ್ಗಲೇ, ಬಗ್ಗು, ಆಕಿ ಮಾತು ಕೇಳು ಎಂದು ಅವನು ಒಳಗೊಳಗೇ ಸ್ಟೇರಿಂಗಿಗೆ ಬೈಯುತ್ತಿದ್ದ. ಬಸವಣ್ಣನ ಮುಂದೆ ಬಾರದ ಬೇಡಿಕೆ ಈಗ ತಾನಾಗಿ ಬರುತ್ತಿತ್ತು.

ಸುವರ್ಣಮ್ಮ ಬಲ ಹಾಕುವುದನ್ನು ಬಿಟ್ಟಳು. ಎಂಜಿನ್ನಿನ ಸದ್ದಿಗೆ ಸ್ವಲ್ಪ ಹೊತ್ತು ಕಿವಿಗೊಟ್ಟಳು, ಹೊಸದಾಗಿ ಕೊಟ್ಟಿಗೆಗೆ ಬಂದ ದನ ಮೇವು ತಿನ್ನುವುದನ್ನು ಕೇಳುವ ಹಾಗೆ. ಆಮೇಲೆ ಆಕ್ಸಿಲರೇಟರ್ ಮುಟ್ಟದೆಯೇ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟಳು. ಕೂಗಾಡಿದಾಗ ಕೇಳದಿದ್ದ ಎಂಜಿನ್ ಈಗ ತಗ್ಗಿದ ದನಿಯಲ್ಲಿ ಗುಡುಗುಡಿಸಿ, ಜೀಪನ್ನು ಗೇಣು ಹಿಂದಕ್ಕೆ ಎಳೆಯಿತು. ಚಕ್ರ ಉರುಳಿದ ಆ ಗೇಣಿನಲ್ಲಿ ಅವಳು ಸ್ಟೇರಿಂಗು ತಿರುಗಿಸಿದಳು. ನಿಂತಾಗ ಬಂಡೆಯಾಗಿದ್ದದ್ದು ಉರುಳುವಾಗ ಬಗ್ಗಿತು. ಮತ್ತೆ ಒಂದು ಗೇಣು ಮುಂದಕ್ಕೆ, ಮತ್ತೆ ತಿರುಗಿಸಿದಳು. ಕೆಸರು ಪಚಪಚ ಎಂದು ಬಾಯಿಬಿಟ್ಟಿತು. ಹಿಂದೆ ಅತ್ತೆ ಒಮ್ಮೆ ಎಡಕ್ಕೆ ವಾಲಿದಳು, ಅಳಿಯ ಒಮ್ಮೆ ಬಲಕ್ಕೆ ವಾಲಿದ, ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಕಂಬಿ ಹಿಡಿದುಕೊಂಡರು. ಆನೆಬಲ ಅಂದರೆ ಏನೆಂದು ಕೊಟ್ಟೂರಪ್ಪನಿಗೆ ಆವಾಗ ಗೊತ್ತಾಯಿತು. ಬಳ್ಳಾರಿಯಿಂದ ಇಲ್ಲಿಯ ತನಕ ಅವನು ಅದರ ಗಂಟಲನ್ನಷ್ಟೇ ಕೇಳಿದ್ದ. ಜೀಪು ಅವಸರವಿಲ್ಲದೆ, ನಿಲ್ಲದೆ, ಕೆಸರಿನಿಂದ ಮೇಲೆದ್ದು, ಬದು ಹತ್ತಿ, ಕಾಲುವೆ ಏರಿಯ ಗಟ್ಟಿ ನೆಲಕ್ಕೆ ಬಂತು. "ಎಂಥಾ ಎಂಜಿನ್ನೋ!" ಎಂದು ಸುವರ್ಣಮ್ಮ ಬಾಯಿಬಿಟ್ಟು ಅಂದಳು. ಅವಳ ದನಿಯಲ್ಲಿದ್ದುದು ಸಿಟ್ಟಲ್ಲ. ಕೊಟ್ಟೂರಪ್ಪನ ಎದೆ ಉಬ್ಬಿತು, ತಾನೇ ಓಡಿಸಿದ್ದರೂ ಅಷ್ಟು ಉಬ್ಬುತ್ತಿರಲಿಲ್ಲ.

ಅವಳು ನಿಲ್ಲಿಸಲಿಲ್ಲ. ಏರಿಯ ಮೇಲೆ ಉದ್ದಕ್ಕೆ ಬಿಟ್ಟಳು. ಒಂದು ಬದಿಗೆ ತುಂಬಿದ ಕಾಲುವೆ, ಇನ್ನೊಂದು ಬದಿಗೆ ನಾಟಿ ಮಾಡುತ್ತಿದ್ದ ಹೆಂಗಸರ ಸಾಲು. ಅವರೆಲ್ಲ ಹಾಡು ನಿಲ್ಲಿಸಿ, ಅಳಿಯನ ಜೊತೆ ಕೂತ ಚನ್ನವೀರಮ್ಮನನ್ನು ಬೆರಗಾಗಿ ನೋಡುತ್ತಿದ್ದರು. ಸುವರ್ಣಮ್ಮ ತಿರುಗದೆಯೇ, ಎಂಜಿನ್ ಸದ್ದಿನ ಮೇಲೆ ದನಿ ಎತ್ತಿ ಕೇಳಿದಳು:

"ನನ್ನ ಕೇಳದ ಯಾಕ ಮಾಡಿಸಿದ್ರಿ?"

"ಪೆಟ್ರೋಲ್..."

"ಪೆಟ್ರೋಲ್ ಮಾತು ಬಿಡ್ರಿ!"

ಕೊಟ್ಟೂರಪ್ಪ ಅವಳ ಬೆನ್ನನ್ನು ನೋಡಿದ. ಕೆಸರು ಸಿಡಿದ ರವಿಕೆ, ಬೆವರಿಗೆ ಅಂಟಿದ ಕೂದಲು, ಕಲ್ಲಿನಂಥ ಸ್ಟೇರಿಂಗನ್ನು ಒಲಿಸಿಕೊಂಡ ತೋಳು. ಈ ಮಾತನ್ನು ಅವನು ಎಂದಾದರೂ ಹೇಳುವುದಿದ್ದರೆ ಪಿಸುಮಾತಿನಲ್ಲಿ, ಬಾಗಿಲು ಹಾಕಿಕೊಂಡು, ಅರ್ಧ ನುಂಗಿ ಹೇಳುತ್ತಿದ್ದ. ಈ ಎಂಜಿನ್ ಅದಕ್ಕೆ ಅವಕಾಶವೇ ಕೊಡುವಂತಿರಲಿಲ್ಲ. ಇದರ ಮುಂದೆ ಹೇಳಿದರೆ ಕೂಗಿಯೇ ಹೇಳಬೇಕು, ಇಲ್ಲವಾದರೆ ಸುಮ್ಮನಿರಬೇಕು. ಅವನು ಕಂಬಿಯನ್ನು ಬಿಗಿಯಾಗಿ ಹಿಡಿದ.

"ನೀ ನನಗಿಂತ ಚಲೋ ಓಡಸ್ತಿ!" ಎಂದು ಕೂಗಿದ. "ನನಗ ಹೊಟ್ಟಿಕಿಚ್ಚು! ಅದಕ್ಕ ಮಾಡಿಸಿದೆ!"

ನಾಟಿಯ ಸಾಲು ಸೊಂಟ ನೆಟ್ಟಗೆ ಮಾಡಿ ನಿಂತಿತು. ಚನ್ನವೀರಮ್ಮನ ಸೆರಗು ಒಮ್ಮೆ ಅಲುಗಿತು.

"ಏನಂದ್ರಿ?" ಎಂದಳು ಸುವರ್ಣಮ್ಮ, ಮುಂದಿನ ದಾರಿ ನೋಡುತ್ತಲೇ. "ಕೇಳ್ಸಲಿಲ್ಲ!"

"ನೀ ನನಗಿಂತ ಚಲೋ ಓಡಸ್ತಿ ಅಂದೆ! ಹೊಟ್ಟಿಕಿಚ್ಚು ಬಂತು ಅಂದೆ!"

"ಹಾಂ? ಈ ಸಪ್ಪಳದಾಗ ಏನೂ ಕೇಳವಲ್ದು!"

ಅವನು ಮತ್ತೆ ಉಸಿರೆಳೆದುಕೊಂಡ. ಆಗ ಗದ್ದೆಗೆ ಮುಖ ಮಾಡಿ ಕೂತಿದ್ದ ಚನ್ನವೀರಮ್ಮ ತನ್ನ ಇಡೀ ಭಾರವನ್ನು ಈ ಕಡೆ ತಿರುಗಿಸಿದಳು. ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿ, ಅಳಿಯನ ಮುಖವನ್ನು ಮೊದಲ ಸಲ ನೇರವಾಗಿ ನೋಡಿ ಹೇಳಿದಳು:

"ಆಕಿಗೆ ಮೊದಲ್ನೇ ಸಲನ ಕೇಳೈತಿ. ಸುಮ್ನ ಕುಂದ್ರಿ ಇನ್ನ."

ಕೊಟ್ಟೂರಪ್ಪ ಮುಂದೆ ನೋಡಿದ. ಸುವರ್ಣಮ್ಮನ ಹೆಗಲು ಕುಲುಕುತ್ತಿತ್ತು, ಎಂಜಿನ್ನಿನ ನಡುಕಕ್ಕಲ್ಲ, ನಗುವಿಗೆ. ಅವನು ಸುಮ್ಮನೆ ಕೂರಲಿಲ್ಲ. ಎದ್ದು ನಿಂತು, ಗದ್ದೆಯವರಿಗೆಲ್ಲ ಕೇಳುವ ಹಾಗೆ, ಮೂರನೇ ಸಲ ಕೂಗಿದ.